ದಾವಣಗೆರೆಯಿಂದ ಲಂಡನ್‌ಗೆ ಅಪ್ಪ-ಅಮ್ಮ ಇಬ್ಬರೇ: ಎಷ್ಟು ಹೊತ್ತಾಗುತ್ತೆ?

ಕೇಳಿದ್ದು: ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಲಂಡನ್‌ಗೆ, ತಂಗಿ ಮನೆಗೆ ಹೊರಟಿದ್ದಾರೆ. ಇಬ್ಬರಿಗೂ ವಿಮಾನ ಇದೇ ಮೊದಲು. ಬೆಂಗಳೂರಿನಿಂದ ಹೀಥ್ರೋಗೆ ಸುಮಾರು 8,000 ಕಿ.ಮೀ. ಅಂತೆ. ಮಧ್ಯಾಹ್ನ 1.30ಕ್ಕೆ ಹೊರಟು ಅದೇ ದಿನ ಸಂಜೆ 7ಕ್ಕೆ ತಲುಪುತ್ತೆ ಅಂತ ತೋರಿಸ್ತಿದೆ. ಅಷ್ಟು ದೂರ ಐದೂವರೆ ಗಂಟೆಯಲ್ಲಿ ಹೋಗುತ್ತಾ? ಅಮ್ಮ ಇನ್ಸುಲಿನ್ ತಗೋತಾರೆ. ನೇರ ವಿಮಾನ ಒಳ್ಳೆಯದೋ, ದುಬೈನಲ್ಲಿ ಬದಲಾಯಿಸೋದೋ?

ನಿಟ್ಟುವಳ್ಳಿಯಿಂದ: ಟಿಕೆಟ್‌ನಲ್ಲಿ ಹೊರಡುವುದು ನಮ್ಮ ಗಡಿಯಾರ, ತಲುಪುವುದು ಅಲ್ಲಿಯ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಆ ಐದೂವರೆ ಸೇರಿಸಿ, 11 ಗಂಟೆ ಆಯ್ತು. ವಾಪಸ್ ಬರುವಾಗ ಸುಮಾರು ಒಂದು ಗಂಟೆ ಕಮ್ಮಿ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ. ಹರಿಹರದ ಕಡೆ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಚಿತ್ರದುರ್ಗದಿಂದ: ಹಾರಾಟದ ಲೆಕ್ಕ ಅಷ್ಟೇ ಹಾಕಬೇಡಿ, ಮನೆಯಿಂದ ಮನೆಗೆ ಹಾಕಿ. ಮೂರು ಗಂಟೆ ಮುಂಚೆ, ಅಂದ್ರೆ 10.30ಕ್ಕೆ ದೇವನಹಳ್ಳಿಯಲ್ಲಿರಬೇಕು. ದಾವಣಗೆರೆಯಿಂದ ಬೆಳಗ್ಗೆ 5ಕ್ಕೇ ಹೊರಡಿ, ಹಿರಿಯೂರಲ್ಲೋ ಶಿರಾದಲ್ಲೋ ಕಾಫಿಗೆ ಹತ್ತು ನಿಮಿಷ. ಬೆಂಗಳೂರಿನೊಳಗೆ ಮಾತ್ರ ಹೋಗಬೇಡಿ. ದಾಬಸ್‌ಪೇಟೆಯಲ್ಲಿ ಹೈವೇ ಬಿಟ್ಟು ದೊಡ್ಡಬಳ್ಳಾಪುರದ ಮೇಲೆ ಹೋದರೆ ನೆಲಮಂಗಲ, ಹೆಬ್ಬಾಳದ ಟ್ರಾಫಿಕ್ಕೇ ಸಿಗಲ್ಲ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ, ಡ್ರೈವರ್‌ಗೆ ಮೊದಲೇ ಹೇಳಿ. ಹೀಥ್ರೋದಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಕಾರು ಅಂತ ಇನ್ನೆರಡು ಗಂಟೆ ಹಿಡೀರಿ. ಒಟ್ಟು 21-22 ಗಂಟೆ. ತಂಗಿ ಮನೆ ಬಾಗಿಲು ತಟ್ಟೋ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ ಎರಡೂವರೆ!

ವಿದ್ಯಾನಗರದಿಂದ: ದುಬೈ ಮೇಲೆ ಹೋದರೆ ದೂರವೇನೂ ಜಾಸ್ತಿ ಆಗಲ್ಲ. ಬೆಂಗಳೂರು-ದುಬೈ ಸುಮಾರು 2,700 ಕಿ.ಮೀ., ಅಲ್ಲಿಂದ ಲಂಡನ್ 5,500. ಜಾಸ್ತಿ ಆಗೋದು ನಡುವೆ ಕಾಯೋ ಹೊತ್ತು. ನಮ್ಮತ್ತೆಗೆ ಮಂಡಿ ನೋವು, ಅವರಿಗೆ ಎದ್ದು ಓಡಾಡೋಕೆ ಆ ಬಿಡುವೇ ಹಿತ ಅನ್ನಿಸಿತು.

ಚಿತ್ರದುರ್ಗದಿಂದ ಮತ್ತೆ: ಜೊತೆಗೆ ನೀವಿದ್ರಿ ಅಲ್ವಾ? ಇಬ್ಬರೇ ಹೋಗುವಾಗ ಅಷ್ಟು ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕೋದು ಸುಮ್ನೆ ಗಾಬರಿ. ನನ್ನ ಕೇಳಿದರೆ ನೇರ ವಿಮಾನವೇ ಸರಿ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬೇಕು ಅಂತ ಬರೆಸಿ. ನಡೆಯೋಕೆ ಬಂದರೂ ಪರವಾಗಿಲ್ಲ, ತಳ್ಳುವವರು ಕೌಂಟರ್‌ನಿಂದ ಗೇಟಿನವರೆಗೂ ಜೊತೆಗಿರ್ತಾರೆ.

ಹರಿಹರದಿಂದ: ಇನ್ಸುಲಿನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜಿಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಜೊತೆಗೆ ಡಾಕ್ಟರ ಚೀಟಿ. ಆ ದಿನ ಅವರಿಗೆ ಐದೂವರೆ ಗಂಟೆ ಉದ್ದ ಆಗುತ್ತೆ. ಯಾವ ಡೋಸು ಯಾವಾಗ ಅಂತ ಡಾಕ್ಟರ ಹತ್ತಿರವೇ ಕನ್ನಡದಲ್ಲಿ ಬರೆಸಿಕೊಂಡು ಅಮ್ಮನ ಕೈಗೆ ಕೊಡಿ. ಇನ್ನೊಂದು, ತುಪ್ಪದ ಡಬ್ಬಿ ಕಟ್ಟಬೇಡಿ, ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ಚಟ್ನಿಪುಡಿಗೆ ತೊಂದರೆಯಿಲ್ಲ.