ಧೂಪದ ಮರದ ಅಂಟು ಗುಗ್ಗುಳವೇ? ಅಮ್ಮನ ಗಂಟುನೋವಿನ ಕುರಿತು

ಪ್ರಶ್ನೆ (ಬದಿಯಡ್ಕದ ಸದಸ್ಯರು): ವೈದ್ಯರಿಗೆ ನಮಸ್ಕಾರ. ನನ್ನ ಅಮ್ಮನಿಗೆ 67 ವರ್ಷ. ಮೊಣಕಾಲಿನ ಗಂಟುನೋವಿನಿಂದ ಮೆಟ್ಟಿಲು ಹತ್ತುವುದೇ ಕಷ್ಟವಾಗಿದೆ. ಥೈರಾಯ್ಡ್ ಮತ್ತು ರಕ್ತದೊತ್ತಡಕ್ಕೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಗುಗ್ಗುಳವನ್ನು ಪುಡಿಮಾಡಿ ಜೇನಿನಲ್ಲಿ ಕೊಡಿ ಎಂದು ನೆಂಟರೊಬ್ಬರು ಹೇಳಿದರು. ನಮ್ಮ ತೋಟದ ಬದಿಯಲ್ಲಿರುವ ಧೂಪದ ಮರದ ಅಂಟು ಮನೆಯಲ್ಲಿದೆ. ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಿಂದ ತಂದ ಕಂದುಬಣ್ಣದ ಉಂಡೆಯೂ ಇದೆ. ಇವೆರಡೂ ಒಂದೆಯೇ? ಅಮ್ಮನಿಗೆ ಕೊಡಬಹುದೇ?

ಉತ್ತರ: ನಮಸ್ಕಾರ. ಎರಡೂ ಒಂದಲ್ಲ. ಎರಡನ್ನೂ ಈಗ ತಾಯಿಯವರ ಹೊಟ್ಟೆಗೆ ಕೊಡಬೇಡಿ.

ನಿಮ್ಮ ತೋಟದ್ದು ರಾಳ, ಸಾಲುಧೂಪದ ದೊಡ್ಡ ಮರದಿಂದ ಒಸರುವಂಥದ್ದು. ಗುಗ್ಗುಳವು ರಾಜಸ್ಥಾನ ಮತ್ತು ಗುಜರಾತಿನ ಕಛ್ ಭಾಗದ ಒಣನೆಲದಲ್ಲಿ ಬೆಳೆಯುವ, ಆಳೆತ್ತರವನ್ನು ಹೆಚ್ಚು ಮೀರದ, ಕೊಂಬೆಯ ತುದಿಗಳು ಮುಳ್ಳಾಗಿರುವ ಪೊದೆಯ ಅಂಟು. ಇವೆರಡರ ವ್ಯತ್ಯಾಸವನ್ನು ಮನೆಯಲ್ಲಿಯೇ ನೋಡಬಹುದು. ಕಡಲೆಗಾತ್ರದ ಚೂರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ಬೆರಳಿನಿಂದ ಉಜ್ಜಿದರೆ ಗುಗ್ಗುಳವು ಮೆತ್ತಗಾಗಿ ನೀರನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ರಾಳವಾದರೆ ಗಾಜಿನ ಚೂರಿನಂತೆ ತಳದಲ್ಲಿ ಉಳಿಯುತ್ತದೆ. ಆದರೆ ನೀರು ಬೆಳ್ಳಗಾದ ಮಾತ್ರಕ್ಕೆ ಅದು ಅಪ್ಪಟ ಗುಗ್ಗುಳವೆಂದು ತೀರ್ಮಾನಿಸಲಾಗದು, ಏಕೆಂದರೆ ಬೇರೆ ಅಂಟುಗಳನ್ನು ಬೆರೆಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ರೋಗ.

ಅಪ್ಪಟವಾದರೂ ಹಸಿಯಾಗಿ ಸೇವಿಸುವ ದ್ರವ್ಯ ಅದಲ್ಲ. ತೊಗಟೆ, ಮರಳು, ಕಡ್ಡಿಗಳನ್ನು ಆರಿಸಿ ತೆಗೆದು, ಬಟ್ಟೆಯಲ್ಲಿ ಗಂಟುಕಟ್ಟಿ, ಕುದಿಯುವ ತ್ರಿಫಲಾ ಕಷಾಯದಲ್ಲಿ ತೂಗುಬಿಟ್ಟರೆ ಅಂಟು ಕರಗಿ ಬಟ್ಟೆಯಿಂದ ಹೊರಗಿಳಿಯುತ್ತದೆ, ಕಸ ಗಂಟಿನಲ್ಲಿಯೇ ಉಳಿಯುತ್ತದೆ. ಆ ದ್ರವವನ್ನು ಗಟ್ಟಿಮಾಡಿ, ತುಪ್ಪ ಸವರಿದ ತಟ್ಟೆಯಲ್ಲಿ ಒಣಗಿಸಿದ ಮೇಲೆಯೇ ಅದು ಯೋಗರಾಜ ಗುಗ್ಗುಳು, ಕೈಶೋರ ಗುಗ್ಗುಳು ಮೊದಲಾದ ಔಷಧಗಳಿಗೆ ಸೇರುತ್ತದೆ. ಶೋಧಿಸದ ಗುಗ್ಗುಳದಿಂದ ಹೊಟ್ಟೆ ಕೆಡುವುದು, ಮೈಮೇಲೆ ದದ್ದುಗಳೇಳುವುದು ಉಂಟು.

ನಿಮ್ಮ ತಾಯಿಯವರ ವಿಷಯದಲ್ಲಿ ನನಗೆ ಇದಕ್ಕಿಂತ ಹೆಚ್ಚಿನ ಆತಂಕ ಅವರ ಮಾತ್ರೆಗಳದ್ದು. ಪ್ರೊಪ್ರಾನೊಲಾಲ್, ಡಿಲ್ಟಿಯಾಜೆಮ್ ಎಂಬ ರಕ್ತದೊತ್ತಡದ ಮಾತ್ರೆಗಳ ಜೊತೆ ಗುಗ್ಗುಳವನ್ನು ಸೇವಿಸಿದಾಗ ಅವು ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುವುದು ಮನುಷ್ಯರಲ್ಲಿಯೇ ಕಂಡುಬಂದಿದೆ. ಅದರ ಅಂಶಗಳು ಥೈರಾಯ್ಡನ್ನು ಪ್ರಚೋದಿಸುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಮಾತ್ರೆಗಳ ಚೀಟಿಯನ್ನು ನೋಡದೆ ನಾನು ಯಾರಿಗೂ ಗುಗ್ಗುಳವನ್ನು ಬರೆದುಕೊಡುವುದಿಲ್ಲ.

ಮರುಪ್ರಶ್ನೆ (ಅದೇ ಸದಸ್ಯರು): ತುಂಬ ಉಪಕಾರವಾಯಿತು. ಕೊಲೆಸ್ಟ್ರಾಲಿಗೂ ಗುಗ್ಗುಳ ಒಳ್ಳೆಯದೆನ್ನುತ್ತಾರೆ, ಅದು ನಿಜವೇ? ಹಾಗೆಯೇ ನಮ್ಮ ಮುರಕಲ್ಲಿನ ಪಾರೆಯ ಮೇಲೆ ಈ ಗಿಡವನ್ನು ನೆಡಬಹುದೇ?

ಉತ್ತರ: ಸುಶ್ರುತನು ಹೊಸ ಗುಗ್ಗುಳ ಮೈಯನ್ನು ಪುಷ್ಟಿಗೊಳಿಸುತ್ತದೆ, ಹಳೆಯದು ಮೇದಸ್ಸನ್ನು (ಕೊಬ್ಬನ್ನು) ಕೆರೆದು ತೆಗೆಯುತ್ತದೆ ಎಂದಿದ್ದಾನೆ. ಆ ಜಾಡು ಹಿಡಿದು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಅವರು ಮಾಡಿದ ಸಂಶೋಧನೆಯಿಂದ ಆಧುನಿಕ ವೈದ್ಯರ ಗಮನ ಇದರ ಕಡೆಗೆ ಹರಿಯಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ 8 ವಾರ ನಡೆಸಿದ ಪರೀಕ್ಷೆಯಲ್ಲಿ ಗುಗ್ಗುಳದ ಸಾರದಿಂದ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲಿಲ್ಲ, ತುಸು ಏರಿತು. ಗುಗ್ಗುಳವನ್ನು ನಂಬಿ, ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡಬೇಡಿ.

ಗಿಡವನ್ನು ಬಲಿತ ಕಡ್ಡಿಯಿಂದ ಬೆಳೆಸಬಹುದು, ಆದರೆ ನಮ್ಮ ಜೂನ್, ಜುಲೈ ತಿಂಗಳ ಜಡಿಮಳೆ ಅದಕ್ಕೆ ಒಗ್ಗದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹುಟ್ಟಿದ ನೆಲದಲ್ಲಿಯೇ ಅಂಟು ತೆಗೆಯುವಷ್ಟು ಬೆಳೆಯಲು ಸುಮಾರು 8ರಿಂದ 10 ವರ್ಷ ಬೇಕು. ಹೆಚ್ಚು ಅಂಟಿನ ಆಸೆಯಿಂದ ಆಳವಾಗಿ ಕೊಯ್ದು, ಗಾಯಕ್ಕೆ ರಾಸಾಯನಿಕ ಹಚ್ಚಿದರೆ ಗಿಡವೇ ಸಾಯುತ್ತದೆ. ಹೀಗೆ ಕಾಡಿನ ಗಿಡಗಳು ಬರಿದಾಗುತ್ತಾ ಬಂದು, 2015ರಲ್ಲಿ ಇದು ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಬೇಕಾದ ರೋಗಿಗಷ್ಟೇ, ಬೇಕಾದಷ್ಟೇ ಬಳಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಬರುವಾಗ ತಾಯಿಯವರನ್ನು ಕರೆತನ್ನಿ, ಅವರ ಮಾತ್ರೆಗಳನ್ನೂ ಅಂಗಡಿಯ ಆ ಉಂಡೆಯನ್ನೂ ತನ್ನಿ, ನೋಡಿ ಹೇಳುತ್ತೇನೆ. ತೋಟದ ರಾಳವನ್ನು ಸಂಜೆಯ ಧೂಪಕ್ಕೆ ಧಾರಾಳವಾಗಿ ಬಳಸಿ.