ಐಎನ್‌ಎ219: ಕರೆಂಟ್ ಹತ್ತು ಪಟ್ಟು ತೋರಿಸುತ್ತಿದೆ, ತಿದ್ದಿದ ಡ್ರೈವರ್ ಅನ್ನು ಎಲ್ಲಿ ಇಡಲಿ?

ಪ್ರಶ್ನೆ:
ಸೌರ ಬ್ಯಾಟರಿಯ ಕರೆಂಟ್ ಅಳೆಯಲು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಐಎನ್‌ಎ219 ಎಂಬ ಕರೆಂಟ್ ಅಳೆಯುವ ಚಿಪ್‌ನ ಬೋರ್ಡ್ ಜೋಡಿಸಿದ್ದೇನೆ. ಮಲ್ಟಿಮೀಟರ್ 400 ಮಿಲಿಆಂಪಿಯರ್ ತೋರಿಸಿದರೆ ಲಿನಕ್ಸ್ ಡ್ರೈವರ್ (ಚಿಪ್ ಜೊತೆ ಮಾತಾಡುವ ಕರ್ನಲ್‌ನ ಭಾಗ) 4 ಆಂಪಿಯರ್ ಎನ್ನುತ್ತದೆ. ಡ್ರೈವರ್ ನಕಲು ಮಾಡಿ, ಹತ್ತರಿಂದ ಭಾಗಿಸಿ, ಚಿಪ್ ಐ2ಸಿ ಎಂಬ ಎರಡು ತಂತಿಯ ಸಂಪರ್ಕದ್ದಾದ್ದರಿಂದ ಕರ್ನಲ್ ಮೂಲದ ಡ್ರೈವರ್ಸ್/ಐ2ಸಿ ಫೋಲ್ಡರ್ ಒಳಗೆ ಇಟ್ಟೆ. ಜಾಗ ಸರಿಯೇ? ನನಗೆ ಬಿಡುವಿಲ್ಲದೆ ಒಂದರ ಹಿಂದೊಂದು ತೆಗೆದ ಅಳತೆಗಳೂ ಬೇಕು.

ಉತ್ತರ:
ಆ ಭಾಗಾಕಾರಕ್ಕೆ ಯಾವ ಸಿ ಕಡತದಲ್ಲೂ ಜಾಗವಿಲ್ಲ, ದಯವಿಟ್ಟು ತೆಗೆಯಿರಿ. ಬೋರ್ಡ್ ಮೇಲಿನ ಷಂಟ್ ರೆಸಿಸ್ಟರ್ (ಕರೆಂಟ್ ಅಳೆಯಲು ಅದು ಹರಿಯುವ ದಾರಿಯಲ್ಲಿಟ್ಟ ಸಣ್ಣ ರೆಸಿಸ್ಟರ್) ನೋಡಿ. ಆರ್100 ಎಂದಿದ್ದರೆ ಅದು 0.1 ಓಮ್. ಯಾರೂ ಹೇಳದಿದ್ದರೆ ಡ್ರೈವರ್ 0.01 ಓಮ್ ಎಂದುಕೊಳ್ಳುತ್ತದೆ. ಹತ್ತು ಪಟ್ಟು ಬಂದದ್ದು ಅಲ್ಲಿಂದ. ಚಿಪ್ ಎಲ್ಲ ಬೋರ್ಡ್‌ಗಳಲ್ಲೂ ಒಂದೇ, ರೆಸಿಸ್ಟರ್ ಬೇರೆ ಬೇರೆ. ಆದ್ದರಿಂದ ಅದು ಡಿವೈಸ್ ಟ್ರೀಗೆ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಕಡತ) ಸೇರಿದ ಮಾತು: ಷಂಟ್-ರೆಸಿಸ್ಟರ್ ಬೆಲೆಯನ್ನು ಮೈಕ್ರೋಓಮ್‌ನಲ್ಲಿ 100000 ಎಂದು ಬರೆಯಿರಿ.

ಇನ್ನು ಜಾಗ. ಡ್ರೈವರ್ಸ್/ಐ2ಸಿ ಇರುವುದು ಆ ತಂತಿಯನ್ನು ನಡೆಸುವ ಕಂಟ್ರೋಲರ್‌ಗಳಿಗೆ. ಗಡಿಯಾರದ ಚಿಪ್, ಟಚ್‌ಸ್ಕ್ರೀನ್ ಕೂಡ ಅದೇ ತಂತಿಗೆ ಅಂಟಿಕೊಂಡಿರುತ್ತವೆ, ಆದರೆ ಮಾಡುವ ಕೆಲಸಕ್ಕೆ ತಕ್ಕಂತೆ ಒಂದು ಆರ್‌ಟಿಸಿ (ಗಡಿಯಾರ) ಫೋಲ್ಡರ್‌ಗೆ, ಇನ್ನೊಂದು ಇನ್‌ಪುಟ್ ಫೋಲ್ಡರ್‌ಗೆ ಹೋಗುತ್ತದೆ. ಯಾವ ಮನೆಗೆ ಸೇರಿಸುತ್ತೀರೋ ಆ ಮನೆಯ ಇಂಟರ್‌ಫೇಸ್ ಬಳಕೆದಾರನ ಪ್ರೋಗ್ರಾಮ್‌ಗೆ ಸಿಗುತ್ತದೆ. ಯಂತ್ರದ ಸ್ವಂತ ಆರೋಗ್ಯ ನೋಡಲು ಎಚ್‌ಡಬ್ಲ್ಯುಮಾನ್ ಎಂಬ ಮನೆ, ಹೊರಗಿನದನ್ನು ಬಫರ್ (ಅಳತೆಗಳನ್ನು ಕೂಡಿಡುವ ಜಾಗ) ಇಟ್ಟು ಸತತವಾಗಿ ಅಳೆಯಲು ಐಐಒ ಎಂಬ ಮನೆ. ಈ ಚಿಪ್‌ಗೆ ಎರಡರಲ್ಲೂ ಡ್ರೈವರ್ ಈಗಾಗಲೇ ಇದೆ. ನಿಮಗೆ ಬೇಕಾದದ್ದು ಐಐಒ/ಎಡಿಸಿಯಲ್ಲಿರುವುದು.

ಪ್ರಶ್ನೆ ಕೇಳಿದವರು:
ಕರ್ನಲ್‌ನ ಆಯ್ಕೆಗಳನ್ನು ತೋರಿಸುವ ಮೆನುಕಾನ್ಫಿಗ್‌ನಲ್ಲಿ ಆ ಐಐಒ ಆಯ್ಕೆಯೇ ಕಾಣುತ್ತಿಲ್ಲ.

ಉತ್ತರ:
ಎಚ್‌ಡಬ್ಲ್ಯುಮಾನ್‌ನ ಐಎನ್‌ಎ2ಎಕ್ಸ್‌ಎಕ್ಸ್ ಆಯ್ಕೆ (ಈ ಚಿಪ್‌ನ ಕುಟುಂಬದ ಡ್ರೈವರ್) ಚಾಲೂ ಇರಬೇಕು. ಎರಡೂ ಒಂದೇ ಚಿಪ್‌ಗೆ ಕೈ ಹಾಕುವುದರಿಂದ ಆಯ್ಕೆಗಳ ನಿಯಮ ಬರೆದಿರುವ ಕೆಕಾನ್ಫಿಗ್ ಅದಿದ್ದರೆ ಐಐಒದ್ದನ್ನು ಮರೆಮಾಡುತ್ತದೆ. ಎಚ್‌ಡಬ್ಲ್ಯುಮಾನ್‌ನದ್ದನ್ನು ಆಫ್ ಮಾಡಿ ನೋಡಿ.

ಇನ್ನೊಬ್ಬರು:
ನಿಮಿಷಕ್ಕೊಮ್ಮೆ ಓದುವುದಾದರೆ ಪ್ರೋಗ್ರಾಮ್‌ಗಳು ನೇರವಾಗಿ ಐ2ಸಿ ಬಳಸಲು ಬಿಡುವ ಐ2ಸಿ-ಡೆವ್ ಮೂಲಕ ಪೈಥಾನ್ ಸಾಕಲ್ಲವೇ?

ಉತ್ತರ:
ನಿಮಿಷಕ್ಕೊಮ್ಮೆಯಾದರೆ ಖಂಡಿತ ಸಾಕು. 12 ಬಿಟ್‌ನ ಒಂದು ಪರಿವರ್ತನೆಗೆ ಈ ಚಿಪ್ 532 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ವೇಗ ಬೇಕೆನ್ನುವವರಿಗೆ ಕರ್ನಲ್ ಬಫರ್ ಬೇಕು.

ಪ್ರಶ್ನೆ ಕೇಳಿದವರು:
ಐಐಒ ಬಂತು, ಓದಿದ್ದು ಮಲ್ಟಿಮೀಟರ್‌ಗೆ ಸರಿಹೊಂದುತ್ತಿದೆ. ನನ್ನ ನಕಲನ್ನು ಅಳಿಸಿದೆ. ಆದರೆ ಎಚ್‌ಡಬ್ಲ್ಯುಮಾನ್ ಅಳತೆಗಳನ್ನು ತೋರಿಸುವ ಸೆನ್ಸರ್ಸ್ ಆಜ್ಞೆಯಲ್ಲಿ ಈಗ ಚಿಪ್ ಕಾಣುವುದಿಲ್ಲ.

ಉತ್ತರ:
ಅದೂ ಬೇಕಿದ್ದರೆ ಡಿವೈಸ್ ಟ್ರೀಯಲ್ಲಿ ಐಐಒ-ಎಚ್‌ಡಬ್ಲ್ಯುಮಾನ್ ನೋಡ್ ಸೇರಿಸಿ, ನಿಮ್ಮ ಚಾನೆಲ್‌ಗಳನ್ನು ಅದಕ್ಕೆ ಕೊಡಿ. ಐಐಒ ಅಳೆದದ್ದನ್ನು ಅದು ಎಚ್‌ಡಬ್ಲ್ಯುಮಾನ್‌ಗೆ ದಾಟಿಸುತ್ತದೆ.