ಅಪ್‌ಡೇಟ್: ಮಗನ ಜೊತೆ ಹುಡುಕಾಟದ ಆಟ ಶುರು ಮಾಡಿದೆವು

ಐದು ವರ್ಷದ ಮಗನಿಗೆ ಮಾತು ತಡ, ಥೆರಪಿಯ ಹೋಮ್‌ವರ್ಕ್ ಅಂದರೆ ಓಡಿಹೋಗುತ್ತಾನೆ, ಹುಡುಕೋ ಆಟದಲ್ಲಿ ಕಲಿಸಬಹುದಾ ಅಂತ ಕೇಳಿದ್ದೆ. ಕಲಿಸಬಹುದು, ಖಂಡಿತ.

ಮೊದಲು ಚಿತ್ರದ ಚೀಟಿ, ಒಂದು ಸಲಕ್ಕೆ ಒಂದೇ ಸೂಚನೆ. ಈಗ 'ಮಂಚದ ಕೆಳಗೆ ನೋಡು, ಆಮೇಲೆ ಬಾಗಿಲ ಹಿಂದೆ' ಅಂದರೆ ಎರಡನ್ನೂ ನೆನಪಿಟ್ಟುಕೊಂಡು ಹೋಗುತ್ತಾನೆ. ಕಾರ್ಡ್ ತೋರಿಸಿದಾಗ ತಲೆಗೆ ಹೋಗದಿದ್ದ 'ಮೇಲೆ', 'ಕೆಳಗೆ', 'ಒಳಗೆ' ಅನ್ನೋ ಪದಗಳೆಲ್ಲ ಓಡಾಡುತ್ತಲೇ ಬಂದುಬಿಟ್ಟವು.

ಅವನಿಗೆ ಜಾಸ್ತಿ ಇಷ್ಟ ರಾಗಿ ಪಾತ್ರೆ. ರಾಗಿಯೊಳಗೆ ಹುಣಸೆ ಬೀಜ ಬಚ್ಚಿಡುತ್ತೇನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದೊಂದೇ ಹೆಕ್ಕಬೇಕು. ಪೆನ್ಸಿಲ್ ಹಿಡಿಯೋಕೂ ಇದೇ ಬೆರಳುಗಳ ಬಲ ಬೇಕು ಅಲ್ವಾ? (ಮಕ್ಕಳು ಬೀಜವನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳಬಹುದು, ಪಕ್ಕದಲ್ಲೇ ಕೂತಿರಿ.)

ಭಾನುವಾರ ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ 'ಒರಟಾದದ್ದು ಹುಡುಕು, ನುಣುಪಾದದ್ದು ಹುಡುಕು' ಆಡುತ್ತೇವೆ. ಮೊನ್ನೆ ಮರದ ತೊಗಟೆ ಮುಟ್ಟಿ 'ಅಮ್ಮ, ಚುಚ್ಚುತ್ತೆ' ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ! ಜನ ಜಾಸ್ತಿ ಇದ್ದರೆ ಮಾತ್ರ ಆಟ ಬೇಡ ಅನ್ನುತ್ತಾನೆ. ಆಗ ಸುಮ್ನೆ ನಡೆದು ಬರುತ್ತೇವೆ.

ಇನ್ನು ಮುಂದೆ ಅವನೇ ಬಚ್ಚಿಟ್ಟು ಅವನೇ ಸುಳಿವು ಕೊಡಲಿ ಅಂತ ಥೆರಪಿಸ್ಟ್ ಹೇಳಿದ್ದಾರೆ. ಈ ವಾರದಿಂದ ಅದೇ ಶುರು.